ಚಿಕ್ಕ ಮಕ್ಕಳೊಂದಿಗೆ ಹ್ಯಾಲೋವೀನ್ ಕುಂಬಳಕಾಯಿ ಕೆತ್ತುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಅಕ್ಟೋಬರ್ ಬಂತೆಂದರೆ, 31ರ ಹ್ಯಾಲೋವೀನ್ ಹಬ್ಬಕ್ಕೆ ಕುಂಬಳಕಾಯಿಯಲ್ಲಿ ಮುಖ ಕೆತ್ತಿ ಒಳಗೆ ದೀಪವಿಡೋಣವೆಂದು ಮಕ್ಕಳು ಹಟ ಹಿಡಿಯುತ್ತಾರೆ. ಹೆತ್ತವರೂ ಉತ್ಸಾಹದಿಂದಲೇ ತೊಡಗುತ್ತಾರೆ, ಆದರೆ ಪ್ರತಿ ವರ್ಷವೂ ಅವೇ ತೊಂದರೆಗಳು ಎದುರಾಗುತ್ತವೆ: ಕತ್ತರಿಸಿದ ಮುಚ್ಚಳ ಕಾಯಿಯೊಳಕ್ಕೆ ಬೀಳುತ್ತದೆ, ಅರ್ಧ ಕೆತ್ತುವಷ್ಟರಲ್ಲಿ ಕಾಯಿಯ ಮುಖದ ಹಲ್ಲು ಮುರಿಯುತ್ತದೆ, ಮಗು ಬೇಸತ್ತು ಅಳತೊಡಗುತ್ತದೆ, ಅಡುಗೆಮನೆಯ ಚಾಕು ಜಾರಿ ದೊಡ್ಡವರ ಬೆರಳು ಕೊಯ್ದುಕೊಳ್ಳುತ್ತದೆ, ಇಷ್ಟೆಲ್ಲ ಆದ ಮೇಲೂ ಕಾಯಿ ಹಬ್ಬದ ದಿನಕ್ಕೆ ಮೊದಲೇ ಕೊಳೆತು ಕುಸಿಯುತ್ತದೆ.

ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ. ಕಾಯಿ ತೆರೆಯುವುದು, ಒಳಗನ್ನು ಬರಿದು ಮಾಡುವುದು, ಚಿತ್ರ ಬಿಡಿಸುವುದು, ಕೆತ್ತುವುದು, ದೀಪ ಇಡುವುದು, ಇವೆಲ್ಲವನ್ನೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಮಧ್ಯಾಹ್ನದಲ್ಲಿ ಮುಗಿಸಲು ನಾವು ಹೊರಡುತ್ತೇವೆ. ಚಾಕುವಿನ ಕೆಲಸಕ್ಕೆ ಬೇಕಾದ ನಿಧಾನಕ್ಕೂ ನಾಲ್ಕು ವರ್ಷದ ಮಗುವಿನ ತಾಳ್ಮೆಗೂ ಹೊಂದಿಕೆಯಾಗುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೆಲಸವನ್ನು ಎರಡಾಗಿ ಪಾಲು ಮಾಡಲಾಗಿದೆ. ಆಯ್ಕೆ, ಒಳಗಿನ ಶುಚಿ, ಚಿತ್ರ ಮತ್ತು ಬೆಳಗುವ ಕೆಲಸ ಮಕ್ಕಳದು. ಹರಿತವಾದ ಯಾವುದೇ ಉಪಕರಣ ಹಿಡಿಯುವ ಕೆಲಸ ದೊಡ್ಡವರದು, ಅದೂ ಮಗು ನಿದ್ರಿಸುತ್ತಿರುವಾಗ ಅಥವಾ ಮನೆಯ ಇನ್ನೊಬ್ಬರ ಜೊತೆಗಿರುವಾಗ.

## ಯಾವ ವಯಸ್ಸಿಗೆ ಯಾವ ಕೆಲಸ

ಚಿಕ್ಕ ಮಕ್ಕಳು ಕುಂಬಳಕಾಯಿಯನ್ನು ಕೆತ್ತಲೇಬಾರದು, ಅವರು ಮಾರ್ಕರ್‌ನಿಂದ ಮುಖ ಬಿಡಿಸಲಿ, ಕತ್ತರಿಸುವುದನ್ನು ಹೆತ್ತವರು ಮಾಡಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ ನೀಡುತ್ತದೆ. ಪ್ಲಾಸ್ಟಿಕ್ ಹಿಡಿಯ ಪುಟ್ಟ ಗರಗಸ ಮಕ್ಕಳ ಕೈಗೆ ಸುರಕ್ಷಿತವೆಂದು ಪೊಟ್ಟಣದ ಮೇಲಿನ ಚಿತ್ರ ನೋಡಿ ಭಾವಿಸಬಾರದು. ಅದರ ಹಲ್ಲುಗಳು ಕುಂಬಳದ ಸಿಪ್ಪೆಯನ್ನು ಸೀಳುವಷ್ಟು ಗಟ್ಟಿಯಾಗಿರುತ್ತವೆ, ಬೆರಳನ್ನೂ ಸೀಳುತ್ತವೆ.

ಮೂರು ವರ್ಷದೊಳಗಿನ ಮಗುವಿಗೆ ದೊಡ್ಡ ಸ್ಟಿಕ್ಕರ್ ಅಂಟಿಸುವುದು, ಕಾಯಿಯನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ತೆಗೆದ ತಿರುಳನ್ನು ಮುಟ್ಟಿ ನೋಡುವುದು ಸಾಕು. ನಾಲ್ಕೈದು ವರ್ಷದವರು ಸೌಟಿನಿಂದ ಬೀಜ ತೋಡಬಲ್ಲರು, ಮುಖದ ಚಿತ್ರ ಬರೆಯಬಲ್ಲರು. ಆರೇಳು ವರ್ಷದವರು ಕಾಗದದ ಮೇಲಿನ ನಕ್ಷೆಯನ್ನು ಚುಕ್ಕಿಯಿಟ್ಟು ಕಾಯಿಗೆ ಇಳಿಸಬಲ್ಲರು ಮತ್ತು ದೊಡ್ಡವರು ಕತ್ತರಿಸಿಟ್ಟ ತುಂಡುಗಳನ್ನು ಬೆರಳಿನಿಂದ ನೂಕಿ ಹೊರಗೆ ಬೀಳಿಸಬಲ್ಲರು. ಈ ಕೊನೆಯ ಕೆಲಸವನ್ನು ಅವರಿಗೆಂದೇ ಉಳಿಸಿಡಿ, ಏಕೆಂದರೆ ಕಣ್ಣಿನ ತುಂಡು ಹೊರಬಿದ್ದು ಮುಖ ಮೂಡುವ ಆ ಕ್ಷಣದಲ್ಲಿ ಇಡೀ ಕೆತ್ತನೆ ತಾನೇ ಮಾಡಿದ್ದೆಂದು ಮಗುವಿಗೆ ನಿಜವಾಗಿಯೂ ಅನಿಸುತ್ತದೆ.

## ಬೇಕಾಗುವ ಸಾಮಾನು

ಕತ್ತರಿಸಲು ಅಂಗಡಿಗಳಲ್ಲಿ ಅಕ್ಟೋಬರ್ ತಿಂಗಳಿಡೀ ಸಿಗುವ ಕೆತ್ತನೆಯ ಕಿಟ್ ಕೊಳ್ಳಿ. ಅದರಲ್ಲಿ ಕಿರಿದಾದ ಅಲಗಿನ ಒಂದೆರಡು ಗರಗಸ, ಚುಕ್ಕಿಯಿಡುವ ಮೊಳೆಯಂಥ ಒಂದು ಕಡ್ಡಿ, ತೋಡುವ ಸೌಟು ಇರುತ್ತವೆ. ಸೌಟು ಪ್ಲಾಸ್ಟಿಕ್ಕಿನದಾಗಿದ್ದರೆ ಬಾಗುತ್ತದೆ. ಅದರ ಬದಲು ಗಟ್ಟಿ ಲೋಹದ ಐಸ್‌ಕ್ರೀಂ ಸ್ಕೂಪ್ ಬಳಸಿ. ಕಾಯಿ ತೆರೆಯುವ ಮೊದಲ ದೊಡ್ಡ ಕೊಯ್ತಕ್ಕೆ ಕಿಟ್‌ನ ಗರಗಸ ಸಾಲದೆ ಹೋಗಬಹುದು, ಆಗ ಮರಗೆಲಸದ ಅಂಗಡಿಯಲ್ಲಿ ಸಿಗುವ ಮೊನಚು ತುದಿಯ ಸಣ್ಣ ಕೈಗರಗಸ ಒಳ್ಳೆಯದು.

ಅಡುಗೆಮನೆಯ ಚಾಕು ಬೇಡ. ಈಳಿಗೆ ಮಣೆಯ ಮೇಲೆ ದೊಡ್ಡ ಕುಂಬಳವನ್ನು ಲೀಲಾಜಾಲವಾಗಿ ಹೋಳು ಮಾಡುವ ಅಜ್ಜಿಯಂದಿರು ಊರಿನಿಂದ ಬಂದಿರುವ ಮನೆಗಳಲ್ಲಿ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಆದರೆ ಹೋಳು ಮಾಡುವುದೇ ಬೇರೆ, ಉರುಟಾದ ಮೈಗೆ ಅಲಗನ್ನು ಚುಚ್ಚಿ ತಿರುವು ತೆಗೆಯುವುದೇ ಬೇರೆ. ಅಗಲ ಅಲಗಿನ ಚಾಕು ದಪ್ಪ ಸಿಪ್ಪೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಬಲವಾಗಿ ಎಳೆದಾಗ ಜಾರಿ ಕಾಯಿ ಹಿಡಿದ ಎಡಗೈಗೆ ತಗಲುತ್ತದೆ, ಅಥವಾ ಒಮ್ಮೆಲೇ ಒಳನುಗ್ಗಿ ಇನ್ನೊಂದು ಬದಿಯಿಂದ ಹೊರಬಂದು ಅಂಗೈಯನ್ನು ಚುಚ್ಚುತ್ತದೆ. ಬೆರಳನ್ನು ಮಡಿಸುವ ಸ್ನಾಯುರಜ್ಜು ಕತ್ತರಿಸಿಹೋದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ, ಅದಕ್ಕಾಗಿಯೇ ಕೈ ಶಸ್ತ್ರವೈದ್ಯರು ಹ್ಯಾಲೋವೀನ್ ಸಮಯದಲ್ಲಿ ವರ್ಷವೂ ಎಚ್ಚರಿಸುತ್ತಾರೆ.

ಇವಲ್ಲದೆ ಒಂದು ದೊಡ್ಡ ಪಾತ್ರೆ ಅಥವಾ ಬಕೆಟ್, ಹಳೆಯ ಪತ್ರಿಕೆಗಳು, ಎರಡು ದಪ್ಪ ಟವೆಲ್, ಅಂಟುಪಟ್ಟಿ, ನೀರಿನಲ್ಲಿ ಅಳಿಸಿಹೋಗುವ ಮಾರ್ಕರ್, ಸ್ವಲ್ಪ ಮೈದಾ ಹಿಟ್ಟು, ಬ್ಯಾಟರಿ ದೀಪ ಮತ್ತು ಒಣ ಬಟ್ಟೆಗಳನ್ನು ಮೊದಲೇ ಸಿದ್ಧಮಾಡಿಟ್ಟುಕೊಳ್ಳಿ. ಕೈಗೆ ತಿರುಳು ಮೆತ್ತಿಕೊಂಡ ಮೇಲೆ ಸಾಮಾನು ಹುಡುಕಲು ಓಡಾಡಿದರೆ ನೆಲಕ್ಕೆ ಬಿದ್ದ ಬೀಜದ ಮೇಲೆ ಕಾಲು ಜಾರುವುದು ಖಂಡಿತ.

## ಹಂತ 1: ದಿನಗಳ ಲೆಕ್ಕ

ಕೆತ್ತದ ಇಡೀ ಕಾಯಿ ತಂಪಾದ, ಒಣ ಜಾಗದಲ್ಲಿ ಹಲವು ವಾರ ಉಳಿಯುತ್ತದೆ. ಕೆತ್ತಿದ ಕ್ಷಣದಿಂದ ಅದರ ಆಯುಷ್ಯ ದಿನಗಳಿಗೆ ಇಳಿಯುತ್ತದೆ. ಒಳಗಿನ ಒದ್ದೆ ತಿರುಳು ಗಾಳಿಗೆ ತೆರೆದುಕೊಂಡು ಒಂದೆಡೆ ಒಣಗಿ ಸುರುಟುತ್ತದೆ, ಇನ್ನೊಂದೆಡೆ ಬೂಷ್ಟು ಹಿಡಿಯುತ್ತದೆ. ತಂಪು ಹವೆಯ ಊರುಗಳಲ್ಲಿ ಮೂರರಿಂದ ಐದು ದಿನ ಚೆನ್ನಾಗಿ ಕಾಣಬಹುದು. ಟೆಕ್ಸಾಸ್, ಫ್ಲಾರಿಡಾಗಳಂಥ ಬೆಚ್ಚನೆಯ ಕಡೆ ಎರಡು ದಿನವೂ ಹೆಚ್ಚೇ.

ಹಾಗಾಗಿ ಕಾಯಿಯನ್ನು ಒಂದೆರಡು ವಾರ ಮೊದಲೇ ತಂದರೂ ಅಡ್ಡಿಯಿಲ್ಲ, ಕತ್ತರಿಸುವುದನ್ನು ಮಾತ್ರ ಅಕ್ಟೋಬರ್ 28ಕ್ಕಿಂತ ಮೊದಲು ಆರಂಭಿಸಬೇಡಿ. ಒಂದು ಅನುಕೂಲವಾದ ಹಂಚಿಕೆ ಹೀಗಿದೆ: 28ರ ಸಂಜೆ ಮಕ್ಕಳು ಹೊರಮೈ ಒರೆಸಿ ಕಾಗದದ ಮೇಲೆ ಮುಖ ಬಿಡಿಸಲಿ. 29ರಂದು ದೊಡ್ಡವರು ಕಾಯಿ ತೆರೆದುಕೊಡಲಿ, ಮಕ್ಕಳು ಒಳಗನ್ನು ಬರಿದು ಮಾಡಿ ನಕ್ಷೆ ಇಳಿಸಲಿ, ಮಕ್ಕಳು ಮಲಗಿದ ಮೇಲೆ ಕೆತ್ತನೆ ನಡೆಯಲಿ. 30ರಂದು ತುಂಡುಗಳನ್ನು ನೂಕಿ ತೆಗೆದು ದೀಪವಿಟ್ಟು ನೋಡಬಹುದು. ಒಂದೊಂದು ಬಾರಿಗೆ ಮಗುವಿನ ಪಾಲಿಗೆ ಬರುವ ಕೆಲಸ ಅರ್ಧ ಗಂಟೆಯನ್ನು ಮೀರದಂತೆ ನೋಡಿಕೊಳ್ಳುವುದೇ ಇಲ್ಲಿನ ಗುಟ್ಟು.

## ಹಂತ 2: ಕಾಯಿಯ ಆಯ್ಕೆ

ಹೊಲಕ್ಕೇ ಹೋಗಿ ಕಾಯಿ ಆರಿಸುವ ಪಂಪ್ಕಿನ್ ಪ್ಯಾಚ್‌ಗೆ ಮಕ್ಕಳನ್ನು ಕರೆದೊಯ್ಯುವವರು ಮೊದಲೇ ಒಂದು ಮಾತು ಆಡಿಟ್ಟುಕೊಳ್ಳುವುದು ಒಳಿತು: ಅತಿ ದೊಡ್ಡದು ಬೇಡ. ಮಗು ಎರಡೂ ಕೈಯಿಂದ ತಬ್ಬಿಕೊಳ್ಳಬಲ್ಲ, ದೊಡ್ಡವರು ಒಬ್ಬರೇ ಎತ್ತಬಲ್ಲ ಗಾತ್ರ ಸರಿಯಾದದ್ದು. ಕೆತ್ತನೆಗೆಂದು ಅಮೆರಿಕದಲ್ಲಿ ಹೆಚ್ಚಾಗಿ ಬೆಳೆಯುವ ಹೌಡನ್‌ನಂಥ ತಳಿಗಳಲ್ಲಿ ಗೋಡೆ ಹದವಾಗಿದ್ದು, ತೊಟ್ಟು ಗಟ್ಟಿಯಾಗಿರುತ್ತದೆ. ಪೈ ಕುಂಬಳವೆಂದು ಮಾರುವ ಚಿಕ್ಕ ಸಿಹಿ ಕಾಯಿಗಳ ತಿರುಳು ಒತ್ತೊತ್ತಾಗಿರುವುದರಿಂದ ಕೆತ್ತಲು ಕಷ್ಟ. ಅವು ಪಲ್ಯಕ್ಕೂ ಹುಳಿಗೂ ಚೆನ್ನ.

ತಳ ಚಪ್ಪಟೆಯಾಗಿದ್ದು, ಮೇಜಿನ ಮೇಲಿಟ್ಟರೆ ಉರುಳಬಾರದು. ಹೆಬ್ಬೆರಳಿನ ಉಗುರಿನಿಂದ ಒತ್ತಿದರೆ ಸಿಪ್ಪೆ ಸುಲಭವಾಗಿ ಗೀರು ಬೀಳಬಾರದು. ಸುತ್ತಲೂ ತಿರುಗಿಸಿ, ವಿಶೇಷವಾಗಿ ನೆಲಕ್ಕೆ ತಾಗಿದ್ದ ಭಾಗದಲ್ಲೂ ತೊಟ್ಟಿನ ಬುಡದಲ್ಲೂ ಬೆರಳಿಟ್ಟು ನೋಡಿ. ಅಲ್ಲಿ ಮೆತ್ತಗಿದ್ದರೆ, ನೀರು ಜಿನುಗುತ್ತಿದ್ದರೆ ಅಥವಾ ಕಪ್ಪು ಚುಕ್ಕೆಗಳಿದ್ದರೆ ಹೊರಗೆ ಎಷ್ಟು ಚೆಂದವಿದ್ದರೂ ಬಿಟ್ಟುಬಿಡಿ. ಒಂದೇ ಗಾತ್ರದ ಎರಡು ಕಾಯಿಗಳಲ್ಲಿ ಹಗುರವಾದದ್ದರ ಗೋಡೆ ತೆಳುವಾಗಿರುತ್ತದೆ, ಕೆತ್ತಲು ಅದೇ ಸುಲಭ.

ತೊಟ್ಟನ್ನು ಹಿಡಿದು ಎತ್ತಬಾರದೆಂದು ಮಕ್ಕಳಿಗೆ ಹೊಲದಲ್ಲೇ ಹೇಳಿಕೊಡಿ. ತೊಟ್ಟು ಮುರಿದರೆ ಕಾಯಿ ಕಾಲ ಮೇಲೆ ಬೀಳುವುದಷ್ಟೇ ಅಲ್ಲ, ಮುರಿದ ಜಾಗದಿಂದಲೇ ಕೊಳೆತ ಶುರುವಾಗುತ್ತದೆ.

## ಹಂತ 3: ಮುಖವನ್ನು ಮೊದಲು ಕಾಗದದ ಮೇಲೆ

ಮಗು ನೇರವಾಗಿ ಕಾಯಿಯ ಮೇಲೆ ಬರೆಯಲು ಬಿಟ್ಟರೆ ಚಿತ್ರ ಇಡೀ ಮೈಗೆ ಹರಡಿ, ಕಣ್ಣು ಒಂದು ಬದಿಗೆ, ಬಾಯಿ ತಳಕ್ಕೆ ಹೋಗುತ್ತದೆ. ಆದ್ದರಿಂದ ಕಾಯಿಯ ಮುಂಭಾಗದ ಅಳತೆಗೆ ಕಾಗದ ಕತ್ತರಿಸಿಕೊಟ್ಟು ಅದರಲ್ಲಿ ಬಿಡಿಸಲು ಹೇಳಿ. ಎರಡು ಮೂರು ಚಿತ್ರ ಬಿಡಿಸಿ ಒಂದನ್ನು ಆರಿಸಿಕೊಳ್ಳುವ ಅವಕಾಶವೂ ಹೀಗೆ ಸಿಗುತ್ತದೆ.

ದೊಡ್ಡವರು ಇಲ್ಲಿ ಮಾಡಬೇಕಾದದ್ದು ಒಂದೇ: ಮಗುವಿನ ಗೆರೆಗಳನ್ನು ಕೆತ್ತಬಲ್ಲ ಆಕಾರಗಳಾಗಿ ಓದಿಕೊಳ್ಳುವುದು. ಮಗುವಿನ ಚಿತ್ರವನ್ನು ತಿದ್ದಿ ಅಂದಗೊಳಿಸಬೇಡಿ. ಒಂದು ಕಣ್ಣು ದೊಡ್ಡದಿದ್ದರೆ ಇರಲಿ. ಆದರೆ ಎರಡು ತೂತುಗಳ ನಡುವೆ ಕನಿಷ್ಠ 2 ಸೆಂಟಿಮೀಟರ್ ಸಿಪ್ಪೆ ಉಳಿಯುವಂತೆ ಜಾಗ ಸರಿಪಡಿಸಿ. ಹಲ್ಲುಗಳು ಮುರಿಯುವುದಕ್ಕೆ ಸಾಮಾನ್ಯ ಕಾರಣ ಅವುಗಳ ಬುಡ ತುದಿಗಿಂತ ಕಿರಿದಾಗಿರುವುದು. ಬುಡ ಅಗಲವಾಗಿ, ಒಂದೋ ಎರಡೋ ಹಲ್ಲು ಮಾತ್ರ ಇದ್ದರೆ ಬಾಯಿ ಗಟ್ಟಿಯಾಗಿ ನಿಲ್ಲುತ್ತದೆ.

ಮಕ್ಕಳ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿ ಕೆತ್ತಬೇಕೆಂಬ ಆಸೆ ಹಲವು ಮನೆಗಳಲ್ಲಿದೆ, ಅದು ಬಹಳ ಒಳ್ಳೆಯ ಯೋಚನೆ. ಅದರಲ್ಲಿ ಒಂದು ತಾಂತ್ರಿಕ ತೊಡಕಿದೆ. ‘ಗ’ದಂತೆ ತೆರೆದ ಕಮಾನಿನ ಅಕ್ಷರಗಳು ಸರಾಗವಾಗಿ ಬರುತ್ತವೆ, ಆದರೆ ‘ರ’, ‘ಠ’ಗಳಂತೆ ಸುತ್ತು ಮುಚ್ಚಿಕೊಂಡ ಅಕ್ಷರದಲ್ಲಿ ಗೆರೆಯನ್ನು ಪೂರ್ತಿ ಕತ್ತರಿಸಿದರೆ ನಡುವಿನ ಉಂಡೆ ಆಧಾರವಿಲ್ಲದೆ ಬಿದ್ದುಹೋಗಿ ಬರಿಯ ದೊಡ್ಡ ತೂತು ಉಳಿಯುತ್ತದೆ. ಅಂಥ ಅಕ್ಷರದ ಸುತ್ತಿನಲ್ಲಿ ಎರಡು ಕಡೆ 1 ಸೆಂಟಿಮೀಟರಿನಷ್ಟು ಸಿಪ್ಪೆಯನ್ನು ಸೇತುವೆಯಾಗಿ ಬಿಡಬೇಕು, ಇಲ್ಲವೇ ಅಕ್ಷರವನ್ನು ಮುಂದೆ ಹೇಳಿರುವಂತೆ ಡ್ರಿಲ್‌ನಿಂದ ಚುಕ್ಕಿಚುಕ್ಕಿಯಾಗಿ ಕೊರೆಯಬೇಕು.

ಭಯ ಹುಟ್ಟಿಸುವ ಮುಖವೇ ಆಗಬೇಕೆಂದಿಲ್ಲ. ಮೂರು ನಾಲ್ಕು ವರ್ಷದ ಕೆಲವು ಮಕ್ಕಳು ಹಗಲಿನಲ್ಲಿ ತಾವೇ ಬಿಡಿಸಿದ ಕೋರೆಹಲ್ಲಿನ ಮುಖ ಕತ್ತಲಲ್ಲಿ ಉರಿಯುವುದನ್ನು ಕಂಡು ನಿಜಕ್ಕೂ ಹೆದರುತ್ತಾರೆ. ಬೆಕ್ಕು, ಗೂಬೆ, ಚಂದ್ರ, ನಕ್ಷತ್ರಗಳು ಅವರಿಗೆ ಹೆಚ್ಚು ಹಿತ.

## ಹಂತ 4: ಕಾಯಿ ತೆರೆಯುವುದು, ತಳದಿಂದ

ಇದು ಪೂರ್ತಿ ದೊಡ್ಡವರ ಕೆಲಸ. ಮೇಜಿನ ಮೇಲೆ ಒದ್ದೆ ಟವೆಲ್ ಹಾಸಿ, ಇನ್ನೊಂದು ಟವೆಲನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ಕಾಯಿಯನ್ನು ತಲೆಕೆಳಗಾಗಿ ಇರಿಸಿ. ತೊಟ್ಟು ಸಿಂಬಿಯ ನಡುವಿನ ಕುಳಿಯಲ್ಲಿ ಇಳಿದು ನಿಲ್ಲಬೇಕು. ಕಾಯಿಯ ಹೊರಮೈಯೂ ನಿಮ್ಮ ಕೈಯೂ ಒಣಗಿರಬೇಕು. ಬೆಳಕು ಚೆನ್ನಾಗಿರಬೇಕು.

ಬಹುಪಾಲು ಜನ ತೊಟ್ಟಿನ ಸುತ್ತ ಮುಚ್ಚಳ ಕತ್ತರಿಸುತ್ತಾರೆ. ಚಿಕ್ಕ ಮಕ್ಕಳಿರುವ ಮನೆಗೆ ತಳದಿಂದ ತೆರೆಯುವ ಕ್ರಮವೇ ಉತ್ತಮವೆಂಬುದು ನನ್ನ ದೃಢವಾದ ಅಭಿಪ್ರಾಯ. ಮೇಲ್ಭಾಗ ಕತ್ತರಿಸದೆ ಉಳಿದರೆ ಗೋಡೆಗಳು ಒಳಕ್ಕೆ ಕುಸಿಯುವುದು ತಡವಾಗುತ್ತದೆ, ಮುಚ್ಚಳ ಒಳಗೆ ಬೀಳುವ ಪ್ರಶ್ನೆಯೇ ಇರುವುದಿಲ್ಲ, ದೀಪವನ್ನು ತಟ್ಟೆಯ ಮೇಲಿಟ್ಟು ಕಾಯಿಯನ್ನು ಅದರ ಮೇಲೆ ಕವುಚಿದರೆ ಸಾಕಾಗುವುದರಿಂದ ಮಗು ಕೈಯನ್ನು ಒಳಗೆ ತೂರಿಸಿ ತಡಕಾಡಬೇಕಾಗುವುದಿಲ್ಲ. ಇದರ ಒಂದು ಕೊರತೆಯೆಂದರೆ ತೇವ ಕೆಳಗೆ ಇಳಿಯುತ್ತದೆ, ಹಾಗಾಗಿ ಕಾಯಿಯ ಕೆಳಗೆ ತಟ್ಟೆ ಇರಲೇಬೇಕು.

ತಳದಲ್ಲಿ 15 ಸೆಂಟಿಮೀಟರ್ ಅಗಲದ ವೃತ್ತವನ್ನು ಮಾರ್ಕರ್‌ನಿಂದ ಗುರುತಿಸಿ. ಸೌಟು ಹಿಡಿದ ಮಗುವಿನ ಕೈ ಆರಾಮವಾಗಿ ಆಡಲು ಇಷ್ಟು ಬೇಕು. ಸಣ್ಣ ಬಾಯಿ ತೆರೆದು ಆಮೇಲೆ ಹಿಗ್ಗಿಸಲು ಹೊರಟರೆ ಅಂಚು ಸೀಳುತ್ತದೆ. ಗರಗಸದ ತುದಿಯನ್ನು ಗೆರೆಯ ಮೇಲಿಟ್ಟು ನಿಧಾನವಾಗಿ ಒಳಗಿಳಿಸಿ, ಮೇಲೆ ಕೆಳಗೆ ಸಣ್ಣ ಸಣ್ಣದಾಗಿ ಆಡಿಸುತ್ತ ಸಾಗಿ. ಇನ್ನೊಂದು ಕೈ ಯಾವಾಗಲೂ ಅಲಗು ಸಾಗುವ ದಿಕ್ಕಿಗೆ ವಿರುದ್ಧ ಬದಿಯಲ್ಲಿರಲಿ. ಕತ್ತರಿಸುವಾಗ ಆ ಕೈ ಕಾಯಿಯ ಒಳಗೆ ಎಂದಿಗೂ ಹೋಗಕೂಡದು.

ಮೇಲಿನಿಂದಲೇ ತೆರೆಯಬೇಕೆಂದು ಮಗು ಹಟ ಮಾಡಿದರೆ ಅಲಗನ್ನು ತೊಟ್ಟಿನ ಕಡೆಗೆ ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು ಕತ್ತರಿಸಿ. ನೇರವಾಗಿ ಕತ್ತರಿಸಿದ ಮುಚ್ಚಳಕ್ಕೆ ಕೂರಲು ಅಂಚು ಇರುವುದಿಲ್ಲ. ಒಣಗಿ ಸ್ವಲ್ಪ ಕುಗ್ಗುತ್ತಲೇ ಒಳಗೆ ಬೀಳುತ್ತದೆ. ಹಿಂಬದಿಯಲ್ಲಿ ಒಂದು ಸಣ್ಣ ಕಚ್ಚನ್ನೂ ಕತ್ತರಿಸಿದರೆ ಮುಚ್ಚಳವನ್ನು ಯಾವ ದಿಕ್ಕಿಗೆ ಕೂರಿಸಬೇಕೆಂಬುದು ಪ್ರತಿ ಸಲವೂ ತಿಳಿಯುತ್ತದೆ.

## ಹಂತ 5: ಒಳಗನ್ನು ಬರಿದು ಮಾಡುವುದು

ಹರಿತವಾದ ಉಪಕರಣಗಳನ್ನೆಲ್ಲ ಎತ್ತರದ ಜಾಗದಲ್ಲಿಟ್ಟ ಮೇಲೆ ಮಕ್ಕಳನ್ನು ಕರೆಯಿರಿ. ನೆಲಕ್ಕೆ ಪತ್ರಿಕೆ ಹಾಸಿ, ಕಾಯಿಯನ್ನು ತೆರೆದ ಬಾಯಿ ಮೇಲಾಗಿರುವಂತೆ ಬಕೆಟ್ಟಿನಲ್ಲಿ ಕೂರಿಸಿದರೆ ಅದು ಹೊರಳುವುದಿಲ್ಲ, ಮಗು ನಿಂತೇ ತೋಡಬಹುದು.

ಮೊದಲು ಬೀಜಗಳನ್ನು ಕೈಯಿಂದ ಕಿತ್ತು ಬೇರೆ ಪಾತ್ರೆಗೆ ಹಾಕಲಿ, ಅನಂತರ ಸೌಟಿನಿಂದ ನಾರು ಕೆರೆಯಲಿ. ಜಿಗುಟು ಮುಟ್ಟಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬಾರದು, ಅಂಥವರಿಗೆ ಕೈಗವಸು ಕೊಡಿ ಅಥವಾ ಬೀಜ ಎಣಿಸುವ ಕೆಲಸ ಕೊಡಿ. ಹಸಿ ಕುಂಬಳದ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ ಮತ್ತು ಚರ್ಮ ಬಿಗಿದಂತಾಗಿಸುತ್ತದೆ. ಹಾಗಾದರೆ ಕೂಡಲೇ ಸೋಪಿನಿಂದ ತೊಳೆದು ಕೆಲಸ ನಿಲ್ಲಿಸಿ. ತುಟಿ ಅಥವಾ ಮುಖ ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ಅದು ಅಲರ್ಜಿಯ ತುರ್ತುಸ್ಥಿತಿ, ತಡಮಾಡದೆ ತುರ್ತು ಸಂಖ್ಯೆಗೆ ಕರೆಮಾಡಿ.

ಮಕ್ಕಳು ಸುಸ್ತಾದ ಮೇಲೆ ಉಳಿದದ್ದನ್ನು ದೊಡ್ಡವರು ಮುಗಿಸಬೇಕು, ಇಲ್ಲಿ ಅವಸರ ಮಾಡುವವರೇ ಮುಂದಿನ ಹಂತದಲ್ಲಿ ಸೋಲುವುದು. ಮುಖ ಬರುವ ಬದಿಯ ಗೋಡೆಯನ್ನು ಒಳಗಿನಿಂದ ಕೆರೆಯುತ್ತ ಸುಮಾರು 2.5 ಸೆಂಟಿಮೀಟರ್ ದಪ್ಪಕ್ಕೆ ಇಳಿಸಿ. ಅದಕ್ಕಿಂತ ದಪ್ಪವಿದ್ದರೆ ಗರಗಸ ಸಿಕ್ಕಿಕೊಳ್ಳುತ್ತದೆ, ದೀಪದ ಬೆಳಕೂ ಹೊರಬರುವುದಿಲ್ಲ. ತೀರ ತೆಳುವಾದರೆ ಒಂದೇ ದಿನದಲ್ಲಿ ಸುರುಟುತ್ತದೆ. ದಪ್ಪ ತಿಳಿಯಲು ಮುಂದೆ ಕಣ್ಣೋ ಬಾಯಿಯೋ ಆಗಲಿರುವ ಜಾಗದ ನಡುವೆ ಒಂದು ಬೆಂಕಿಕಡ್ಡಿ ದಪ್ಪದ ಕಡ್ಡಿಯನ್ನು ಚುಚ್ಚಿ ನೋಡಬಹುದು. ಒಳಗೆ ನಾರಿನ ಒಂದು ಎಳೆಯೂ ಉಳಿಯಬಾರದು, ಏಕೆಂದರೆ ಬೂಷ್ಟು ಮೊದಲು ಹಿಡಿಯುವುದು ಅಲ್ಲಿಗೇ.

ಬೀಜಗಳನ್ನು ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಎಣ್ಣೆ, ಉಪ್ಪು, ಖಾರದ ಪುಡಿ, ಚಿಟಿಕೆ ಇಂಗು ಸವರಿ 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಂಬಣ್ಣ ಬರುವವರೆಗೆ ಓವನ್‌ನಲ್ಲಿ ಹುರಿದರೆ ರುಚಿಯಾಗಿರುತ್ತವೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

## ಹಂತ 6: ನಕ್ಷೆಯನ್ನು ಕಾಯಿಗೆ ಇಳಿಸುವುದು

ಕಾಯಿಯ ಹೊರಮೈಯನ್ನು ಪೂರ್ತಿ ಒಣಗಿಸಿ. ಮಗುವಿನ ಚಿತ್ರದ ಕಾಗದವನ್ನು ಮುಂಭಾಗಕ್ಕೆ ಅಂಟುಪಟ್ಟಿಯಿಂದ ಅಂಟಿಸಿ. ಉರುಟು ಮೈಗೆ ಕಾಗದ ಕೂರದಿದ್ದರೆ ಅಂಚುಗಳಲ್ಲಿ ಅಲ್ಲಲ್ಲಿ ಸೀಳಿ ಒಂದರ ಮೇಲೊಂದು ಬರುವಂತೆ ಮಡಿಸಿ. ಚಿತ್ರದ ಗೆರೆಯ ಮೇಲೆ ಅರ್ಧ ಸೆಂಟಿಮೀಟರಿಗೊಂದರಂತೆ ಚುಕ್ಕಿಯ ಕಡ್ಡಿಯಿಂದ ಮೆಲ್ಲಗೆ ಚುಚ್ಚುತ್ತ ಹೋಗಬೇಕು. ಸಿಪ್ಪೆಗೆ ಗುರುತು ಬಿದ್ದರೆ ಸಾಕು, ಆಳಕ್ಕೆ ಇಳಿಯಬೇಕಿಲ್ಲ. ದೊಡ್ಡವರು ಪಕ್ಕದಲ್ಲೇ ಕುಳಿತಿದ್ದರೆ ಆರೇಳು ವರ್ಷದ ಮಗು ಇದನ್ನು ಬಹಳ ಶ್ರದ್ಧೆಯಿಂದ ಮಾಡುತ್ತದೆ.

ಕಾಗದ ತೆಗೆದ ಮೇಲೆ ಚುಕ್ಕಿಗಳು ಕಾಣಿಸದಿದ್ದರೆ ಮೈದಾ ಹಿಟ್ಟನ್ನು ಆ ಜಾಗಕ್ಕೆ ಸವರಿ ಒರೆಸಿ. ತೂತುಗಳಲ್ಲಿ ಹಿಟ್ಟು ಉಳಿದು ಚಿತ್ರ ಬಿಳಿಯ ಚುಕ್ಕಿಗಳಲ್ಲಿ ಎದ್ದು ಕಾಣುತ್ತದೆ. ಕತ್ತರಿಸಿ ತೆಗೆಯಬೇಕಾದ ಭಾಗಗಳಿಗೆ ಮಾರ್ಕರ್‌ನಿಂದ ಕತ್ತರಿ ಗುರುತು ಹಾಕಿಟ್ಟುಕೊಳ್ಳಿ. ರಾತ್ರಿ ಕೆತ್ತುವಾಗ ಯಾವುದು ತೂತು, ಯಾವುದು ಉಳಿಯಬೇಕಾದ ಸಿಪ್ಪೆ ಎಂಬ ಗೊಂದಲ ತಪ್ಪುತ್ತದೆ.

## ಹಂತ 7: ಕೆತ್ತನೆ

ಮಕ್ಕಳು ಮಲಗಿದ್ದಾರೆ, ಮೇಜು ಒಣಗಿದೆ, ಕಾಯಿ ಟವೆಲ್ಲಿನ ಸಿಂಬಿಯಲ್ಲಿ ಅಲುಗಾಡದೆ ಕುಳಿತಿದೆ ಎಂಬುದನ್ನು ಖಚಿತಪಡಿಸಿಕೊಂಡು ಆರಂಭಿಸಿ. ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೆತ್ತಬೇಡಿ.

ಕ್ರಮ ಮುಖ್ಯ. ನಡುವಿನ ಸಣ್ಣ ಆಕಾರಗಳನ್ನು, ಅಂದರೆ ಮೂಗು ಮತ್ತು ಕಣ್ಣುಗಳನ್ನು ಮೊದಲು ಕತ್ತರಿಸಿ, ಬಾಯಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ದೊಡ್ಡ ತೂತು ಮೊದಲು ಬಿದ್ದರೆ ಗೋಡೆಯ ಬಲ ಕುಂದಿ, ಅನಂತರ ಸಣ್ಣ ಆಕಾರಗಳಿಗಾಗಿ ಒತ್ತಿದಾಗ ಆ ಭಾಗವೇ ಸೀಳುತ್ತದೆ. ಗರಗಸವನ್ನು ಮೈಗೆ ಲಂಬವಾಗಿ ಹಿಡಿದು ಚುಕ್ಕಿಯಿಂದ ಚುಕ್ಕಿಗೆ ಸಾಗಿ. ಮೂಲೆ ಬಂದಾಗ ಅಲಗನ್ನು ಒಳಗೇ ತಿರುಚಬೇಡಿ. ತೆಳು ಅಲಗುಗಳು ಮುರಿಯುವುದು ಹೀಗೆಯೇ. ಹೊರಕ್ಕೆ ತೆಗೆದು, ಹೊಸ ದಿಕ್ಕಿನಲ್ಲಿ ಮತ್ತೆ ಇಳಿಸಿ.

ಅಲಗು ಸಿಕ್ಕಿಕೊಂಡರೆ, ಕೈ ನೋಯತೊಡಗಿದರೆ, ಬಲ ಹೆಚ್ಚು ಹಾಕಬೇಕಾಗಿ ಬಂದರೆ ನಿಲ್ಲಿಸಿ. ಬಲ ಹಾಕಬೇಕಾಗಿದೆ ಎಂದರೆ ಒಳಗಿನ ಗೋಡೆ ಇನ್ನೂ ದಪ್ಪವಿದೆ ಎಂದೇ ಅರ್ಥ. ಸೌಟು ಹಿಡಿದು ಮತ್ತೆ ಕೆರೆಯಿರಿ. ತುಂಡುಗಳನ್ನು ಸುತ್ತಲೂ ಕತ್ತರಿಸಿದ ಮೇಲೆ ಅಲ್ಲೇ ಬಿಡಿ, ಬೆಳಿಗ್ಗೆ ಮಗು ನೂಕಿ ಬೀಳಿಸಲಿ. ಬಾಯಿಯಂಥ ಉದ್ದನೆಯ ತುಂಡನ್ನು ಮಾತ್ರ ಎರಡು ಮೂರು ಭಾಗ ಮಾಡಿಡಬೇಕು, ಇಡಿಯಾಗಿ ನೂಕಿದರೆ ಪಕ್ಕದ ಹಲ್ಲನ್ನೂ ಎಳೆದುಕೊಂಡು ಬರುತ್ತದೆ. ಆದರೂ ಹಲ್ಲು ಮುರಿದರೆ ಒಂದು ಹಲ್ಲುಕಡ್ಡಿಯನ್ನು ಎರಡೂ ತುಂಡಿಗೆ ಚುಚ್ಚಿ ಜೋಡಿಸಿ.

ಗರಗಸಕ್ಕಿಂತ ಸುಲಭವಾದ ಇನ್ನೊಂದು ದಾರಿ ಡ್ರಿಲ್. ಮಗು ಚುಕ್ಕಿಯಿಟ್ಟ ಕಡೆಯೆಲ್ಲ ದೊಡ್ಡವರು ಸುರಕ್ಷತಾ ಕನ್ನಡಕ ಧರಿಸಿ ತೂತು ಕೊರೆದರೆ ನಕ್ಷತ್ರಗಳಂಥ ಚಿತ್ರವೋ ಅಕ್ಷರವೋ ಮೂಡುತ್ತದೆ. ಕೊರೆಯುವಾಗ ಮಕ್ಕಳು ಕೋಣೆಯ ಇನ್ನೊಂದು ತುದಿಯಲ್ಲಿರಬೇಕು, ಸಡಿಲ ಬಟ್ಟೆ ಮತ್ತು ಬಿಟ್ಟ ಕೂದಲು ಡ್ರಿಲ್‌ನಿಂದ ದೂರವಿರಬೇಕು.

ಕೈ ಕೊಯ್ದರೆ ಶುಭ್ರವಾದ ಬಟ್ಟೆಯಿಂದ ಗಾಯವನ್ನು ನೇರವಾಗಿ ಒತ್ತಿಹಿಡಿದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ. ನಡುನಡುವೆ ಬಟ್ಟೆ ತೆಗೆದು ನೋಡುತ್ತಿರಬೇಡಿ. 15 ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ, ಬೆರಳ ತುದಿ ಮರಗಟ್ಟಿದ್ದರೆ ಅಥವಾ ಬೆರಳನ್ನು ಮಡಿಸಲೋ ಚಾಚಲೋ ಆಗದಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ರಕ್ತ ನಿಂತಿದ್ದರೂ ಬೆರಳು ಮಡಿಯದಿದ್ದರೆ ಕಾಯಬಾರದು, ಒಳಗೆ ಸ್ನಾಯುರಜ್ಜು ಕತ್ತರಿಸಿರುವ ಸಾಧ್ಯತೆಯಿದೆ.

## ಹಂತ 8: ದೀಪ

ಮೇಣದಬತ್ತಿ ಬೇಡ. ಉದ್ದನೆಯ ವೇಷ ತೊಟ್ಟ ಮಕ್ಕಳು ಸಿಹಿ ಕೇಳಲು ಗುಂಪುಗುಂಪಾಗಿ ಬಾಗಿಲಿಗೆ ಬರುವ ರಾತ್ರಿ ತೆರೆದ ಜ್ವಾಲೆಯನ್ನು ಮೆಟ್ಟಿಲ ಮೇಲೆ ಇಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬ್ಯಾಟರಿಯ ಎಲ್‌ಇಡಿ ದೀಪಗಳು ಅಗ್ಗವಾಗಿ ಸಿಗುತ್ತವೆ, ಕಾಯಿಯ ಒಳಗೋಡೆಯನ್ನು ಬೇಯಿಸುವುದೂ ಇಲ್ಲ.

ಆದರೆ ಆ ಪುಟ್ಟ ದೀಪಗಳಲ್ಲಿ ಮೇಣದಬತ್ತಿಯಷ್ಟೇ ಗಂಭೀರವಾದ ಇನ್ನೊಂದು ಅಪಾಯ ಅಡಗಿದೆ, ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಅವುಗಳಲ್ಲಿ ಹಲವು ನಾಣ್ಯದಾಕಾರದ ಬಟನ್ ಬ್ಯಾಟರಿಯಿಂದ ನಡೆಯುತ್ತವೆ. ಮಗು ಅದನ್ನು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ತೀವ್ರವಾದ ಸುಟ್ಟಗಾಯವಾಗಬಲ್ಲದು, ಪ್ರಾಣವೂ ಹೋಗಬಲ್ಲದು. ಅಮೆರಿಕದಲ್ಲಿ 2022ರಲ್ಲಿ ಬಂದ ರೀಸ್ ಕಾಯ್ದೆ ಇಂಥ ಬ್ಯಾಟರಿಗಳಿರುವ ವಸ್ತುಗಳಿಗೆ ಮಕ್ಕಳು ತೆರೆಯಲಾಗದ ಮುಚ್ಚಳವನ್ನು ಕಡ್ಡಾಯಗೊಳಿಸಲೆಂದೇ ರೂಪುಗೊಂಡದ್ದು. ಹಳೆಯ ದೀಪಗಳು ಇನ್ನೂ ಮನೆಯ ಪೆಟ್ಟಿಗೆಗಳಲ್ಲಿ ಉಳಿದಿರುತ್ತವೆ. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪವನ್ನು ಬಳಸಬೇಡಿ, ಎಎ ಅಥವಾ ಎಎಎ ಬ್ಯಾಟರಿಯ ದೀಪ ಸಿಕ್ಕರೆ ಅದನ್ನೇ ಆರಿಸಿ. ಮಗು ಬ್ಯಾಟರಿ ನುಂಗಿರಬಹುದೆಂಬ ಸಂಶಯ ಬಂದರೆ, ಜೊಲ್ಲು ಸುರಿಯುವುದು, ಕೆಮ್ಮು, ವಾಂತಿ, ಊಟ ನಿರಾಕರಿಸುವುದು ಇವುಗಳಲ್ಲಿ ಒಂದೂ ಕಾಣಿಸದಿದ್ದರೂ, ನೇರ ತುರ್ತು ವಿಭಾಗಕ್ಕೆ ಹೋಗಿ. ವಾಂತಿ ಮಾಡಿಸಲು ಯತ್ನಿಸಬೇಡಿ.

ಕಾಯಿಯನ್ನು ನಡೆದಾಡುವ ದಾರಿಯಿಂದ ಸ್ವಲ್ಪ ಬದಿಗೆ, ತಟ್ಟೆಯ ಮೇಲಿಡಿ. 31ರ ಸಂಜೆ ದೀಪದ ಗುಂಡಿ ಒತ್ತುವ ಹಕ್ಕು ಮಗುವಿನದೇ.

## ಹಂತ 9: ಕೆಡದಂತೆ ನೋಡಿಕೊಳ್ಳುವುದು

ಕೆತ್ತಿದ ಕಾಯಿಯ ಒಳಗನ್ನು ಮತ್ತು ಕತ್ತರಿಸಿದ ಅಂಚುಗಳನ್ನು ಸುಮಾರು 4 ಲೀಟರ್ ನೀರಿಗೆ 15 ಮಿಲಿಲೀಟರ್ ಬ್ಲೀಚ್ ಬೆರೆಸಿದ ದ್ರಾವಣದಿಂದ ಒರೆಸಿ, ಕವುಚಿ ಒಣಗಿಸಿದರೆ ಬೂಷ್ಟು ಬರುವುದು ತಡವಾಗುತ್ತದೆ. ಕೈಗವಸು ಧರಿಸಿ, ಕಿಟಕಿ ತೆರೆದಿಟ್ಟು, ಮಕ್ಕಳಿಲ್ಲದಾಗ ದೊಡ್ಡವರೇ ಇದನ್ನು ಮಾಡಬೇಕು. ಬ್ಲೀಚ್‌ಗೆ ವಿನೆಗರ್ ಆಗಲಿ ಬೇರೆ ಯಾವುದೇ ಶುಚಿಕಾರಕವಾಗಲಿ ಬೆರೆಸಬೇಡಿ, ವಿಷಾನಿಲ ಹುಟ್ಟಬಹುದು. ಅಳಿಲು, ಜಿಂಕೆ, ರಕೂನ್‌ಗಳು ಬಂದು ಕಾಯಿ ಕಡಿಯುವ ಊರಾದರೆ ಬ್ಲೀಚನ್ನು ಬಿಟ್ಟು ನೀರು ಬೆರೆಸಿದ ವಿನೆಗರ್ ಒಂದನ್ನೇ ಬಳಸಿ.

ಅಂಚುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಒಣಗುವುದು ನಿಧಾನವಾಗುತ್ತದೆಂದು ಹಲವರು ಹೇಳುತ್ತಾರೆ, ಅದು ನಿಜ. ಆದರೆ ಅದು ಉರಿಯುವ ವಸ್ತು, ಬ್ಯಾಟರಿ ದೀಪವಿದ್ದರೆ ಮಾತ್ರ ಸವರಿ. ಹಗಲು ಬಿಸಿಲಿನಿಂದ ಕಾಯಿಯನ್ನು ನೆರಳಿಗೆ ತನ್ನಿ. ರಾತ್ರಿ ಹಿಮ ಬೀಳುವ ಸೂಚನೆಯಿದ್ದರೆ ಒಳಗಿಡಿ, ಹೆಪ್ಪುಗಟ್ಟಿ ಕರಗಿದ ಕುಂಬಳ ಮೆತ್ತಗಾಗಿಬಿಡುತ್ತದೆ. ಅಂಚು ಸುರುಟಿದ್ದರೆ ಕೆಲವು ಗಂಟೆ ತಣ್ಣೀರಿನಲ್ಲಿ ಮುಳುಗಿಸಿಟ್ಟು ಚೆನ್ನಾಗಿ ಒರೆಸಿದರೆ ಒಂದು ದಿನದ ಮಟ್ಟಿಗೆ ಮತ್ತೆ ಬಿಗಿಯಾಗುತ್ತದೆ.

ಒಳಗೆ ಕಪ್ಪು ಅಥವಾ ಬೂದು ಬಣ್ಣದ ತುಪ್ಪಳ ಕಂಡರೆ, ತಳದಲ್ಲಿ ಕಂದು ನೀರು ನಿಂತರೆ, ಸಣ್ಣ ನೊಣಗಳು ಮುತ್ತಿದರೆ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಬೂಷ್ಟಿನ ಧೂಳು ಉಬ್ಬಸವಿರುವ ಮಕ್ಕಳಿಗೆ ತೊಂದರೆ ಕೊಡುತ್ತದೆ. ಮಗು ಬಿಡಲು ಒಪ್ಪದಿದ್ದರೆ ಕಾಯಿಯ ಪಕ್ಕದಲ್ಲಿ ನಿಲ್ಲಿಸಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

## ಹಂತ 10: ಹಬ್ಬ ಮುಗಿದ ಮೇಲೆ

ಕೆತ್ತಿ ಹೊರಗಿಟ್ಟ ಕಾಯಿಯನ್ನು ಅಡುಗೆಗೆ ಬಳಸಬಾರದು. ಸಾರಿಗೋ ಪಲ್ಯಕ್ಕೋ ಕುಂಬಳ ಬೇಕೆಂದರೆ ಕೆತ್ತದ ಇನ್ನೊಂದು ಕಾಯಿಯನ್ನು ಬೇರೆಯಾಗಿ ತನ್ನಿ, ಅಥವಾ ಐದನೆಯ ಹಂತದಲ್ಲಿ ಒಳಗಿನಿಂದ ಕೆರೆದ ಶುಚಿಯಾದ ತಿರುಳನ್ನು ಅಂದೇ ಫ್ರಿಜ್ಜಿಗೆ ಹಾಕಿಡಿ. ಕೆತ್ತನೆಯ ತಳಿಗಳ ತಿರುಳು ನೀರು ನೀರಾಗಿ ಸಪ್ಪೆಯಾಗಿರುವುದರಿಂದ ಮಸಾಲೆ ಸ್ವಲ್ಪ ಮುಂದಾಗಿರಬೇಕಾಗುತ್ತದೆ.

ದೀಪ, ಅಂಟುಪಟ್ಟಿ, ಸ್ಟಿಕ್ಕರ್, ಹಲ್ಲುಕಡ್ಡಿಗಳನ್ನೆಲ್ಲ ತೆಗೆದು ಕಾಯಿಯನ್ನು ತುಂಡು ಮಾಡಿ ಗೊಬ್ಬರದ ಗುಂಡಿಗೆ ಅಥವಾ ಊರಿನ ಹಸಿಕಸದ ತೊಟ್ಟಿಗೆ ಹಾಕಿ. ಪ್ರಾಣಿಗಳು ತಿನ್ನಲಿ ಎಂಬ ಒಳ್ಳೆಯ ಮನಸ್ಸಿನಿಂದ ಕಾಡಿನ ಅಂಚಿನಲ್ಲಿ ಬಿಟ್ಟುಬರುವವರೂ ಇದ್ದಾರೆ. ಬ್ರಿಟನ್ನಿನ ಕಾಡು ಸಂರಕ್ಷಣಾ ಸಂಸ್ಥೆ ವುಡ್‌ಲ್ಯಾಂಡ್ ಟ್ರಸ್ಟ್ ಹಾಗೆ ಮಾಡಬೇಡಿರೆಂದು ಜನರನ್ನು ಕೇಳಿಕೊಳ್ಳುತ್ತ ಬಂದಿದೆ, ಕುಂಬಳ ತಿಂದ ಮುಳ್ಳಹಂದಿಯಂಥ ಚಿಕ್ಕ ಹೆಜ್‌ಹಾಗ್‌ಗಳಿಗೆ ಹೊಟ್ಟೆ ಕೆಡುತ್ತದೆ. ಗುಂಡಿಗೆ ಹಾಕುವ ಮೊದಲು ಒಳಗೆ ಬೀಜ ಉಳಿದಿಲ್ಲವೆಂದು ನೋಡಿಕೊಳ್ಳಿ, ಇಲ್ಲದಿದ್ದರೆ ಮುಂದಿನ ವಸಂತದಲ್ಲಿ ಗೊಬ್ಬರ ಹಾಕಿದ ಪಾತಿಯಲ್ಲೆಲ್ಲ ಕುಂಬಳದ ಬಳ್ಳಿ ಹಬ್ಬುತ್ತದೆ.